ಉಪ್ಪಿನಕಾಯಿ ಬಾಟಲಿಗೆ ಸಿಕ್ಕ ಸರ್ಕಾರಿ ಕೆಲಸ

ಗೊತ್ತಿಲ್ಲದ ವಿಷಯದ ಬಗ್ಗೆ ಮಾತಾಡುವುದು ನನಗೆ ಚಿಕ್ಕಂದಿನಿಂದಲೂ ಸಲೀಸು. ಗೊತ್ತಿರುವ ವಿಷಯ ಬಂದರೆ ನಾಲಿಗೆ ತಡವರಿಸುತ್ತದೆ. ಗೊತ್ತಿಲ್ಲದಿದ್ದರೆ ಕೊಳಾಯಿ ತಿರುಗಿಸಿದ ಹಾಗೆ ಸುರಿಯುತ್ತದೆ. ತೊಂಬತ್ತರ ದಶಕದ ನಡುವೆ, ಬಿ.ಎಸ್ಸಿ.ಯನ್ನು ಎರಡನೇ ದಂಡಯಾತ್ರೆಯಲ್ಲಿ ಗೆದ್ದು ಪೀಣ್ಯದ ಸುತ್ತ ಕೆಲಸ ಹುಡುಕುತ್ತಿದ್ದ ನನಗೆ ಈ ಗುಣಕ್ಕೆ ಹೇಳಿ ಮಾಡಿಸಿದ ಹುದ್ದೆಯೊಂದು ಸಿಕ್ಕಿತು. ರಾಜ್ಯದ ನೀರು, ಗಾಳಿ ಕೆಡದಂತೆ ನೋಡಿಕೊಳ್ಳುವ ಸರ್ಕಾರಿ ಕಚೇರಿಯಲ್ಲಿ ತಾತ್ಕಾಲಿಕ ಸಹಾಯಕ. ಕೆಲಸ ಎರಡು. ಫ್ಯಾಕ್ಟರಿಗಳು ಮೋರಿಗೆ ಬಿಡುವ ನೀರನ್ನು ಬಾಟಲಿಯಲ್ಲಿ ಹಿಡಿದು, ಚೀಟಿ ಅಂಟಿಸಿ ಲ್ಯಾಬಿಗೆ ಮುಟ್ಟಿಸುವುದು ಒಂದು. ಸಿಕ್ಕಿದವರಿಗೆಲ್ಲ ‘ಮರುಬಳಕೆ ಮಾಡಿ’ ಎಂದು ಬೋಧಿಸುವುದು ಇನ್ನೊಂದು. ಮೊದಲನೆಯದಕ್ಕೆ ಎಚ್ಚರ ಬೇಕಿತ್ತು, ಎರಡನೆಯದಕ್ಕೆ ಬಾಯಿ. ನಾನು ಎರಡನ್ನೂ ಬಾಯಿಯಿಂದಲೇ ನಿಭಾಯಿಸಲು ಹೊರಟೆ.

ಬೋಧನೆಯಲ್ಲಿ ನನಗೆ ಮೊದಲ ಪೆಟ್ಟು ಬಿದ್ದದ್ದು ಮನೆಯಲ್ಲೇ. ನಾನಿದ್ದದ್ದು ದಾಸರಹಳ್ಳಿಯ ಅತ್ತೆಯ ಮನೆಯಲ್ಲಿ. ಹಳೇ ವಸ್ತುಗಳನ್ನು ಎಸೆಯಬಾರದು, ಅವಕ್ಕೆ ಇನ್ನೊಂದು ಜನ್ಮ ಕೊಡಬೇಕು ಎಂದು ಒಂದು ಸಂಜೆ ಅತ್ತೆಗೆ ವಿವರಿಸಿದೆ. ಹಳೇ ಸೀರೆಯಿಂದ ಹೊಲಿದ ಕೌದಿಯ ಮೇಲೆ ಕೂತು, ಎಣ್ಣೆ ಡಬ್ಬದಲ್ಲಿ ನೆಟ್ಟ ತುಳಸಿಯಿಂದ ಒಣಗಿದ ಎಲೆ ಕೀಳುತ್ತಿದ್ದ ಅತ್ತೆ, “ಇದನ್ನ ಹೇಳಕ್ಕೆ ಸರ್ಕಾರ ನಿನ್ನ ಕರ್ಕೊಂಡಿದ್ಯಾ?” ಎಂದು ಕೇಳಿದರು. ಕೆಲಸ ಹೋದರೆ ಎಂಬ ಭಯಕ್ಕೆ ನಾನು ಆ ಪ್ರಶ್ನೆಯನ್ನು ಯಾರಿಗೂ ಹೇಳಲಿಲ್ಲ.

ಎರಡನೇ ಪೆಟ್ಟು ಕೊಟ್ಟವಳು ರಾಯಚೂರಿನ ಕಡೆಯ ದುರುಗಮ್ಮ. ನಮ್ಮ ಕಚೇರಿಯಿಂದ ಎರಡು ಮೈಲಿ ಆಚೆ, ರದ್ದಿ ಕಾಗದ ನೆನೆಸಿ, ರುಬ್ಬಿ ರಟ್ಟು ಮಾಡುವ ಸಣ್ಣ ಫ್ಯಾಕ್ಟರಿಯಲ್ಲಿ ಅವಳು ಕಾಗದ ಆರಿಸುತ್ತಿದ್ದಳು. ನೀರಿನ ಮರುಬಳಕೆಯ ಬಗ್ಗೆ ನಾನು ಅರ್ಧ ಗಂಟೆ ಮಾತಾಡಿದ್ದನ್ನು ತಾಳ್ಮೆಯಿಂದ ಕೇಳಿ, “ಸಾಹೇಬ್ರ, ನಮ್ಮ ಖೋಲಿಗೆ ಎರಡು ದಿನಕ್ಕೊಮ್ಮೆ ನೀರು ಬರ್ತಾವ. ಅಕ್ಕಿ ತೊಳೆದ ನೀರಾಗ ಭಾಂಡೆ ತಿಕ್ತೀನಿ, ಆ ನೀರು ಬಚ್ಚಲಕ್ಕ, ಬಚ್ಚಲ ನೀರು ಬಾಳಿಗಿಡಕ್ಕ. ನೀವು ಎಷ್ಟು ಸಲ ತಿರುಗಸ್ತೀರಿ?” ಎಂದಳು. ಬೆಳಿಗ್ಗೆ ಎರಡು ಬಕೆಟ್ ಬಿಸಿನೀರನ್ನು ಬೆನ್ನ ಮೇಲೆ ಸುರಿದುಕೊಂಡು ಹಾಡುತ್ತ ಬಂದಿದ್ದ ನಾನು ವಾಚು ನೋಡಿಕೊಂಡೆ. ಆಗ ನನಗೆ ವಾಚು ಇರಲಿಲ್ಲ, ಬರೀ ಮಣಿಕಟ್ಟು ನೋಡಿಕೊಂಡೆ.

ಆ ರಟ್ಟಿನ ಫ್ಯಾಕ್ಟರಿ ಚನ್ನಬಸಪ್ಪನವರದು. ರಾಣೆಬೆನ್ನೂರಿನ ಕಡೆಯವರು. ಹಣೆ ತುಂಬ ವಿಭೂತಿ, ಅಂಗಿಯ ತೋಳಿನ ಮೇಲೆ ಸದಾ ಒಂದು ಚೂರು ಒದ್ದೆ ಕಾಗದ. ರಟ್ಟು ಮಾಡಲು ನೀರು ಬಹಳ ಬೇಕು. ಚನ್ನಬಸಪ್ಪನವರು ಆ ನೀರನ್ನು ಮೋರಿಗೆ ಬಿಡದೆ, ಹಿತ್ತಲಲ್ಲಿ ಮೂರು ತೊಟ್ಟಿ ಕಟ್ಟಿಸಿ, ತಿಳಿಯಾದದ್ದನ್ನು ಮತ್ತೆ ಪಂಪು ಹಾಕಿ ಒಳಗೇ ಎಳೆದುಕೊಳ್ಳುತ್ತಿದ್ದರು. ಹೊರಗೆ ಹೋಗುತ್ತಿದ್ದದ್ದು ಬೆರಳು ಗಾತ್ರದ ಧಾರೆ. ನಮ್ಮ ಕಚೇರಿಯ ಎಂಜಿನಿಯರ್ ಶಾರದಾ ಮೇಡಂಗೆ ಈ ಮನುಷ್ಯನ ಮೇಲೆ ಎಷ್ಟು ಅಭಿಮಾನವೆಂದರೆ, ಬೇರೆ ಫ್ಯಾಕ್ಟರಿಯವರು ಆಗಲ್ಲ, ಹೋಗಲ್ಲ ಎಂದಾಗೆಲ್ಲ, “ಹೋಗಿ ಚನ್ನಬಸಪ್ಪನೋರ ತೊಟ್ಟಿ ನೋಡ್ಕೊಂಡು ಬನ್ನಿ, ಆಮೇಲೆ ಮಾತಾಡೋಣ” ಎಂದು ಕಳಿಸುತ್ತಿದ್ದರು. ಆ ವರ್ಷ ಚನ್ನಬಸಪ್ಪನವರ ಪರವಾನಗಿ ನವೀಕರಣಕ್ಕೆ ಬಂದಿತ್ತು. ಒಂದು ಬಾಟಲಿ ನೀರು ತಂದು ಪರೀಕ್ಷೆ ಮಾಡಿಸಿದರೆ ಮುಗಿಯಿತು. ಯಾರು ಬೇಕಾದರೂ ಮಾಡಬಹುದಾದ ಕೆಲಸ ಎಂದು ನನ್ನನ್ನು ಕಳಿಸಿದರು.

ಶನಿವಾರ. ಕಚೇರಿಯ ಮೊಪೆಡ್‌ನಲ್ಲಿ ಹೊರಟವನು ಜಾಲಹಳ್ಳಿ ಕ್ರಾಸ್ ಹತ್ತಿರ ಒಂದು ಹಳ್ಳ ತಪ್ಪಿಸಲು ಹೋಗಿ ಅದಕ್ಕಿಂತ ದೊಡ್ಡದಕ್ಕೆ ಇಳಿದೆ. ನನಗೇನೂ ಆಗಲಿಲ್ಲ. ಸ್ಯಾಂಪಲ್ ಬಾಟಲಿ ಮಾತ್ರ ಚೀಲದಲ್ಲಿ ಪುಡಿಯಾಯಿತು. ವಾಪಸ್ ಹೋಗಿ ಇನ್ನೊಂದು ತರಬಹುದಿತ್ತು. ತಂದಿದ್ದರೆ ಈ ಪ್ರಬಂಧ ಇರುತ್ತಿರಲಿಲ್ಲ. ಅದೇ ಚೀಲದಲ್ಲಿ ಅತ್ತೆ ಸೋಮವಾರ ಕಟ್ಟಿಕೊಟ್ಟಿದ್ದ ವಾರದ ಉಪ್ಪಿನಕಾಯಿ ಬಾಟಲಿ ಇತ್ತು. ಗಟ್ಟಿ ಗಾಜು, ಅಗಲ ಬಾಯಿ, ತಳದಲ್ಲಿ ನಿಂಬೆಯ ಒಂದೇ ಒಂದು ಹೋಳು. ನೋಡುತ್ತಿದ್ದಂತೆ ನನಗೆ ಜ್ಞಾನೋದಯವಾಯಿತು. ಎಲ್ಲರಿಗೂ ಹೇಳುತ್ತ ತಿರುಗುವವನು ತಾನೇ ಮಾಡಬೇಡವೇ? ಕರ್ತವ್ಯಪ್ರಜ್ಞೆಯಿಂದ ಆ ಹೋಳನ್ನು ತಿಂದೆ. ಚನ್ನಬಸಪ್ಪನವರ ನಲ್ಲಿಯಲ್ಲಿ ಬಾಟಲಿಯನ್ನು ಮೂರು ಸಲ ತೊಳೆದೆ. ಮೂರನೆಯ ಸಲ ಬೆರಳು ಸ್ವಲ್ಪ ಜಾರಿತು. ಗಾಜು ನುಣುಪಾಗಿದೆ ಎಂದುಕೊಂಡೆ. ತೊಟ್ಟಿಯಿಂದ ಬರುವ ಧಾರೆಗೆ ಹಿಡಿದು, ಚೀಟಿ ಅಂಟಿಸಿ ಲ್ಯಾಬಿಗೆ ಕೊಟ್ಟು ಮನೆಗೆ ಹೋಗಿ ಮಲಗಿದೆ.

ಎರಡು ವಾರದ ಮೇಲೆ ಚನ್ನಬಸಪ್ಪನವರು ಕಚೇರಿಗೆ ಬಂದರು. ತೋಳಿನ ಮೇಲೆ ಕಾಗದದ ಚೂರಿಲ್ಲದೆ ಅವರನ್ನು ನೋಡಿದ್ದು ಅದೇ ಮೊದಲು. ಕೈಯಲ್ಲಿ ನಮ್ಮದೇ ನೋಟಿಸು. ಘಟಕದ ನೀರಿನಲ್ಲಿ ಎಣ್ಣೆ, ಉಪ್ಪು, ಹುಳಿ ಮಿತಿ ಮೀರಿವೆ, ಕರೆಂಟು ಯಾಕೆ ಕಡಿಯಬಾರದು ತಿಳಿಸಿ, ಎಂದು. ಮೇಡಂ ರಿಪೋರ್ಟನ್ನು ಮುಂದಿಟ್ಟುಕೊಂಡು ಮುಖ ಸಪ್ಪಗೆ ಮಾಡಿಕೊಂಡಿದ್ದರು.

“ಮೇಡಂ, ನಮ್ಮಲ್ಲಿ ಎಣ್ಣಿ ಎಲ್ಲಿಂದ ಬರಬೇಕ್ರಿ? ದೇವರ ಮುಂದಿನ ದೀಪಕ್ಕ ಹಾಕೋದು ಬಿಟ್ರ ಬ್ಯಾರೆ ಇಲ್ಲ. ಹದಿನೆಂಟು ಮಂದಿ ದುಡಿಯೋ ಜಾಗ. ಕರೆಂಟ್ ಕಡದ್ರ ದುರುಗಮ್ಮಗ ಏನು ಹೇಳ್ಲಿ? ಈ ನೋಟಿಸೂ ಕಾಗದನ ಅಲ್ರಿ, ರುಬ್ಬಿ ರಟ್ಟು ಮಾಡಬಹುದು. ಆದ್ರ ನಿಮ್ಮ ಸಹಿ ಐತಿ, ಮನಸ್ಸು ಬರವಲ್ದು.”

“ನಂಗೂ ನಂಬಕ್ಕಾಗ್ತಿಲ್ಲ ಚನ್ನಬಸಪ್ಪನೋರೇ. ಆದ್ರೆ ಲ್ಯಾಬ್ ಹೇಳಿದ್ಮೇಲೆ ನಾನೇನು ಮಾಡ್ಲಿ?” ಎಂದರು ಮೇಡಂ.

ಎಣ್ಣೆ, ಉಪ್ಪು, ಹುಳಿ. ಬಾಗಿಲ ಬಳಿ ಫೈಲು ಹಿಡಿದು ನಿಂತಿದ್ದ ನನ್ನ ನಾಲಿಗೆಯ ಮೇಲೆ ಆ ಮೂರೂ ಒಟ್ಟಿಗೆ ಬಂದು ಕೂತವು. ಖಾರವೊಂದನ್ನು ಪರೀಕ್ಷೆ ಮಾಡುವ ಯಂತ್ರ ಸರ್ಕಾರದ ಹತ್ತಿರ ಇರಲಿಲ್ಲ, ಅಷ್ಟೆ. ಹಿಂಬಾಗಿಲಿನಿಂದ ಲ್ಯಾಬಿಗೆ ಓಡಿದೆ. ಕೆಮಿಸ್ಟ್ ನಾಗರಾಜ ನನ್ನ ವಾರಿಗೆಯವನು. ಉಳಿದ ಸ್ಯಾಂಪಲ್ಲನ್ನು ಕಪಾಟಿನಿಂದ ತೆಗೆದು ಮುಚ್ಚಳ ಬಿಚ್ಚಿ ಮೂಸಿದ. ಇನ್ನೊಮ್ಮೆ ಮೂಸಿದ.

“ಮಗಾ, ಇದು ರಟ್ಟಿನ ಫ್ಯಾಕ್ಟ್ರಿನಾ, ಮೆಸ್ಸಾ?”

“ಪರೀಕ್ಷೆ ಮಾಡಿದಾಗ ಗೊತ್ತಾಗ್ಲಿಲ್ವೇನೋ?”

“ಆವತ್ತು ನೆಗಡಿ ಕಣೋ. ಮೂಗು ಇವತ್ತು ಬಿಟ್ಟಿದೆ. ನೋಡಿಲ್ಲಿ, ಮೆಂತ್ಯದ ಚೂರು ತೇಲ್ತಿದೆ.” ಆಮೇಲೆ ದನಿ ಇಳಿಸಿ ಹೇಳಿದ. “ಸುಮ್ನಿದ್ಬಿಡು ಗುರು. ಇನ್ನೊಂದ್ಸಲ ಸ್ಯಾಂಪಲ್ ತಗೊಂಬಾ, ಪಾಸ್ ಆಗತ್ತೆ. ಮೊದಲನೇದು ಹೆಂಗೆ ಕೆಟ್ಟಿತ್ತು ಅಂತ ಯಾರೂ ಕೇಳಲ್ಲ. ನಿನ್ನ ನೇಮಕಾತಿ ಆರ್ಡರ್ ಬೇರೆ ಈ ತಿಂಗಳು ಮುಗಿಯತ್ತೆ, ಮತ್ತೆ ಹಾಕಿಸ್ಕೋಬೇಕಾ ಬೇಡ್ವಾ?”

ನ್ಯಾಯವಾದ ಸಲಹೆ. ಅದನ್ನು ಪಾಲಿಸುವ ಪೂರ್ಣ ಮನಸ್ಸಿನಿಂದಲೇ ಮೇಡಂ ಕೋಣೆಗೆ ವಾಪಸ್ ಬಂದೆ. ಆದರೆ ಅಲ್ಲಿ ಚನ್ನಬಸಪ್ಪನವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, “ಒಂದು ತೊಟ್ಟಿ ಕಡಿಮಿ ಬಿತ್ತೇನ್ರಿ ಮೇಡಂ? ನಾಲ್ಕನೇದು ಕಟ್ಟಸ್ತೀನಿ” ಎನ್ನುತ್ತಿದ್ದರು. ಮಾಡದ ತಪ್ಪಿಗೆ ಅವರು ತೊಟ್ಟಿ ಕಟ್ಟಲು ಹೊರಟಿದ್ದರು. ನನ್ನ ಬಾಯಿ ಎಂದಿನಂತೆ ನನ್ನನ್ನು ಕೇಳದೆ ತೆರೆದುಕೊಂಡಿತು.

“ಮೇಡಂ, ತೊಟ್ಟಿದಲ್ಲ ತಪ್ಪು. ಬಾಟ್ಲಿದು.”

“ಯಾವ ಬಾಟ್ಲಿ, ಸತೀಶ?”

“ಉಪ್ಪಿನಕಾಯಿದು.”

ಮೇಡಂ ಪೆನ್ನಿನ ಟೋಪಿ ಹಾಕಿದರು. ಮತ್ತೆ ತೆಗೆದರು. “ಯಾವ ಉಪ್ಪಿನಕಾಯಿ?”

“ನಿಂಬೆಕಾಯಿದು ಮೇಡಂ.”

“ಎಣ್ಣೆ ಹಾಕಿದ್ದಾ, ಹಾಕದೆ ಇದ್ದಿದ್ದಾ?”

“ಹಾಕಿದ್ದು. ನಮ್ಮತ್ತೆ ಧಾರಾಳ.”

ಮೊಪೆಡ್ಡು, ಹಳ್ಳ, ಕೊನೆಯ ಹೋಳು, ಮೂರು ಸಲ ತೊಳೆದದ್ದು, ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ಮರುಬಳಕೆಯ ಮಹತ್ವದ ಕಡೆಗೂ ತಿರುಗಿದ್ದೆ, ಮೇಡಂ ಕೈ ಎತ್ತಿ ನಿಲ್ಲಿಸಿದರು. ಚನ್ನಬಸಪ್ಪನವರು ನನ್ನ ಕಪಾಳಕ್ಕೆ ಬಿಟ್ಟಿದ್ದರೂ ನಾನು ತಪ್ಪು ತಿಳಿಯುತ್ತಿರಲಿಲ್ಲ. ಅವರು ನನ್ನ ಕಡೆ ನೋಡಲೇ ಇಲ್ಲ. ಮೇಡಂ ಕಡೆ ತಿರುಗಿ, ಬಹಳ ಮೆಲ್ಲಗೆ, “ಅಂದ್ರ ನಮ್ಮ ನೀರು ಚೊಲೋ ಐತೇನ್ರಿ?” ಎಂದು ಕೇಳಿದರು.

“ಇವತ್ತೇ ನೋಡೋಣ,” ಎಂದರು ಮೇಡಂ.

ಅವತ್ತು ಮಧ್ಯಾಹ್ನ ಮೇಡಂ ತಾವೇ ಹೊರಟರು. ಹೊಸ ಬಾಟಲಿ. ಅದನ್ನು ಹಿಡಿದುಕೊಳ್ಳುವ ಗೌರವ ನಾಗರಾಜನಿಗೆ. ನನ್ನನ್ನು ಬಾಟಲಿಯಿಂದ ಹತ್ತು ಅಡಿ ದೂರ ನಿಲ್ಲಿಸಿದ್ದರು. ಸುದ್ದಿ ಆಗಲೇ ತಲುಪಿತ್ತು. ಕಾಗದದ ಗುಡ್ಡೆಯ ಮೇಲಿಂದ ದುರುಗಮ್ಮ, “ಸಾಹೇಬ್ರ, ಊಟ ಆತೇನ್ರಿ? ಕೈ ತೊಳಕೊಂಡ್ರೇನ್ರಿ?” ಎಂದಳು. ಹದಿನೆಂಟು ಮಂದಿಯೂ ನಕ್ಕರು. ಚನ್ನಬಸಪ್ಪನವರು “ಸಾಕ್ ಸುಮ್ಕಿರವಾ” ಎಂದು ಗದರಿ, ತಾವೂ ಆಚೆ ತಿರುಗಿ ನಕ್ಕು, ನನಗೊಂದು ಕುರ್ಚಿ ಹಾಕಿಸಿದರು. ಲೋಟದ ತುಂಬ ಮಜ್ಜಿಗೆ ಕೊಟ್ಟು, “ಕುಡೀರಿ ತಮ್ಮಾ. ನೀವು ಬಾಯಿ ಬಿಡದಿದ್ರ ನಾನು ನಾಲ್ಕನೇ ತೊಟ್ಟಿ ಕಟ್ಟಸ್ತಿದ್ದೆ. ಅದಕ್ಕ ತುಂಬಾಕ ನೀರ ಇರತಿರಲಿಲ್ಲ” ಎಂದರು.

ರಿಪೋರ್ಟು ಬಂತು. ಎಣ್ಣೆ ಇಲ್ಲ, ಹುಳಿ ಇಲ್ಲ, ಉಪ್ಪು ಇರಬೇಕಾದಷ್ಟೇ. ಪರವಾನಗಿಗೆ ಮೇಡಂ ಸಂತೋಷದಿಂದ ಸಹಿ ಮಾಡಿದರು. ಆದರೆ ಹಳೆಯ ನೋಟಿಸಿನ ಫೈಲು ಮುಚ್ಚಬೇಕಲ್ಲ? ಅದರಲ್ಲೊಂದು ನಮೂನೆ, ನಮೂನೆಯಲ್ಲೊಂದು ಕಾಲಂ: ‘ಮಾಲಿನ್ಯದ ಮೂಲ’. ಅದರ ಮುಂದೆ ಚನ್ನಬಸಪ್ಪನವರ ಘಟಕದ ಹೆಸರಿತ್ತು. ಸುಮ್ಮನೆ ಹೊಡೆದುಹಾಕಿ ಖಾಲಿ ಬಿಟ್ಟರೆ ಮೇಲಿನವರು ಫೈಲು ವಾಪಸ್ ಕಳಿಸುತ್ತಾರೆ, ಮತ್ತೆ ಚನ್ನಬಸಪ್ಪನವರು ಓಡಾಡಬೇಕು. ಮೇಡಂ ಒಂದು ನಿಮಿಷ ಯೋಚಿಸಿದರು. ಘಟಕದ ಹೆಸರಿನ ಮೇಲೆ ನೀಟಾಗಿ ಗೆರೆ ಎಳೆದು, ಅದರ ಪಕ್ಕದಲ್ಲಿ ದುಂಡಗೆ ‘ಶ್ರೀ ಸತೀಶ, ತಾತ್ಕಾಲಿಕ ಸಹಾಯಕ’ ಎಂದು ಬರೆದು, ಫೈಲನ್ನು ನನ್ನ ಕಡೆ ತಿರುಗಿಸಿದರು. “ಓದಿ ಸಹಿ ಹಾಕಪ್ಪ.”

ಹಾಕಿದೆ. ನನ್ನ ಆರ್ಡರನ್ನು ಮೇಡಂ ಮತ್ತೊಂದು ವರ್ಷಕ್ಕೆ ಮುಂದುವರಿಸಿದರು. ಅಷ್ಟು ದೊಡ್ಡ ಕೈಗಾರಿಕಾ ಪ್ರದೇಶದಲ್ಲಿ, ಅಷ್ಟು ಚಿಮಣಿ, ಅಷ್ಟು ಮೋರಿಗಳ ನಡುವೆ, ತಪ್ಪೊಪ್ಪಿಕೊಂಡು ಸಹಿ ಹಾಕಿದ ಮಾಲಿನ್ಯದ ಮೂಲ ಆ ಕಚೇರಿಗೆ ಸಿಕ್ಕಿದ್ದು ನಾನೊಬ್ಬನೇ. ಅಂಥವನನ್ನು ಕೈಬಿಡಲು ಅವರಿಗೆ ಮನಸ್ಸು ಬರಲಿಲ್ಲವೇನೋ.