ಇಂಗ್ಲಿಷ್ ಪಬ್ಬಿಗೆ ಆಚಾರ್ರ ಡೊಂಕು ತೊಲೆ

ಕೆಲವರನ್ನು ಕೆಲಸ ಹುಡುಕಿಕೊಂಡು ಬರುತ್ತದೆ, ನನ್ನನ್ನು ಫಜೀತಿ. ಮಸ್ಕತ್ತಿನ ಒಂದು ಇಂಟೀರಿಯರ್ ಕಂಪನಿಯಲ್ಲಿ ಹದಿನಾಲ್ಕು ವರ್ಷ ಡ್ರಾಫ್ಟ್ಸ್‌ಮನ್ ಆಗಿದ್ದೆ. ಅಲ್ ಖೌದಿನ ಅಂಗಡಿ ಇರಲಿ, ನಿಜ್ವಾ ಊರಿನ ಬಂಗಲೆ ಇರಲಿ, ನಾನು ಪೆನ್ಸಿಲ್ ಹಿಡಿದಲ್ಲಿ ಏನಾದರೊಂದು ಆಗಿಯೇ ಆಗುತ್ತಿತ್ತು. ಆದರೆ ಎಂಬತ್ತರ ದಶಕದ ಕೊನೆಗೆ, ಒಂದು ಹೋಟೆಲಿನ ಮೊದಲ ಮಹಡಿಯಲ್ಲಿ, ನಾನೂರು ವರ್ಷ ಹಳೆಯ ಇಂಗ್ಲಿಷ್ ಪಬ್ಬನ್ನು ಮೂರೇ ತಿಂಗಳಲ್ಲಿ ಕಟ್ಟಿದೆವಲ್ಲ, ಅದರ ಮುಂದೆ ಉಳಿದದ್ದೆಲ್ಲ ಸಪ್ಪೆ.

೧. ಹೊಸದಾಗಿ ಹಳತು

ಡಿಸೈನರ್ ಇಂಗ್ಲೆಂಡಿನವನು. ನಾವು ನಮ್ಮೊಳಗೆ ಅವನನ್ನು ದೊರೆ ಎನ್ನುತ್ತಿದ್ದೆವು. ತನ್ನ ಊರಿನ ಪಬ್ಬಿನ ಫೋಟೋಗಳ ದೊಡ್ಡ ಆಲ್ಬಮ್ಮನ್ನೇ ತಂದಿದ್ದ. ತಲೆಗೆ ಬಡಿಯುವ ಕಪ್ಪು ತೊಲೆಗಳು, ವಾಲಿದ ಬಾಗಿಲು, ತುಳಿದು ತುಳಿದು ಸವೆದ ಮೆಟ್ಟಿಲು. "ಹೀಗೇ ಬೇಕು. ಒಂದೂ ನೇರ ಇರಬಾರದು" ಅಂದ.

ನಮ್ಮ ಬಡಗಿ ಮೇಸ್ತ್ರಿ ಕಾರ್ಕಳ ಕಡೆಯ ಆಚಾರ್ರು. ನಾನೇ ಹೊಗಳಿ ಹೊಗಳಿ ಊರಿನಿಂದ ಕರೆಸಿದ್ದೆ. ದಾರ ಹಿಡಿಯದೆ ಕೂದಲೆಳೆಯಷ್ಟು ಸೊಟ್ಟವನ್ನೂ ಗುರುತಿಸುವ ಕಣ್ಣು ಅವರದು. ಫೋಟೋ ನೋಡಿ ಮರುಗಿದರು. "ಪಾಪ, ಅವರಿಗೆ ಒಳ್ಳೆ ಆಚಾರಿ ಸಿಗ್ಲಿಲ್ಲ ಅಂತ ಕಾಣ್ತದೆ."

ಬಾಗಿಲ ಮೇಲಿನ ದೊಡ್ಡ ತೊಲೆಯನ್ನು ಅವರು ಎಷ್ಟು ಚೆಂದ ಮಾಡಿದರೆಂದರೆ ಅದರಲ್ಲಿ ಮುಖ ನೋಡಿ ತಲೆ ಬಾಚಬಹುದಿತ್ತು. ದೊರೆ ತಲೆಯ ಮೇಲೆ ಕೈ ಹೊತ್ತು ನಿಂತ. ಸಂಜೆ ಕಂಪನಿಯ ಒಮಾನಿ ಒಡೆಯರು ನನ್ನನ್ನು ಕರೆಸಿದರು. "ಆ ಬಡಗಿ ನೀನು ತಂದ ಮನುಷ್ಯ. ಉದ್ಘಾಟನೆಯೊಳಗೆ ಆ ತೊಲೆ ಡಿಸೈನರಿಗೆ ಒಪ್ಪಿಗೆಯಾಗದಿದ್ದರೆ ಖಲಾಸ್. ವೀಸಾ ಕ್ಯಾನ್ಸಲ್."

ಆಚಾರ್ರು ಬಂದು ನಾಲ್ಕೇ ತಿಂಗಳು. ಎರಡು ವರ್ಷ ಬರುವುದಿಲ್ಲ ಎಂದು ನೆಂಟರಿಷ್ಟರ ಮನೆಗಳಲ್ಲೆಲ್ಲ ಬೀಳ್ಕೊಡುಗೆ ಊಟ ಉಂಡು ಬಂದವರು. ಈಗ ಯಾವ ಮುಖ ಹೊತ್ತು ಹೋಗಬೇಕು? ವಿಷಯ ಹೇಳಿದಾಗ ಅವರು ಉಳಿ ಕೆಳಗಿಟ್ಟು ಕೇಳಿದರು: "ಕೆಲಸ ಚೆಂದ ಆಯ್ತು ಅಂತ ವಾಪಸ್ ಕಳಿಸುವುದು ಯಾವ ದೇಶದ ಕ್ರಮ ಮಾರಾಯ್ರೆ?"

೨. ಅಗ್ಗಿಷ್ಟಿಕೆ

ನಕ್ಷೆಯಲ್ಲಿ ಒಂದು ದೊಡ್ಡ ಅಗ್ಗಿಷ್ಟಿಕೆ ಇತ್ತು. "ಹೊರಗಿನ ಚಳಿಯಿಂದ ಬಂದವರಿಗೆ ಬೆಚ್ಚಗಾಗಲಿ ಅಂತ" ಎಂದು ದೊರೆ ಒಡೆಯರಿಗೆ ವಿವರಿಸಿದ. ಒಡೆಯರು ಕಿಟಕಿಯಿಂದ ಹೊರಗೆ ನೋಡಿದರು. ಜೂನ್ ತಿಂಗಳು. ಪಾರ್ಕಿಂಗಿನ ಡಾಂಬರು ಕರಗಿ ಚಪ್ಪಲಿಗೆ ಅಂಟುತ್ತಿತ್ತು.

ಅವರು ಬಹಳ ಮರ್ಯಾದಸ್ಥರು, ಬೇಡ ಎನ್ನಲಿಲ್ಲ. ನನ್ನ ಕಡೆ ತಿರುಗಿ, "ಬೆಂಕಿ ಇರಲಿ. ಎಸಿಯ ಗಾಳಿ ಅದರ ಕಡೆಗೇ ಬರುವ ಹಾಗೆ ಮಾಡು. ಪಾಪ, ಅದಕ್ಕೂ ಸೆಖೆಯಾಗುತ್ತದೆ" ಅಂದರು.

೩. ಮುಖ ಮುಚ್ಚುವ ಗಾಜು

ಬಾರ್ ಕೌಂಟರಿನ ಮೇಲೆ ಮುಖದ ಎತ್ತರಕ್ಕೆ ಸಾಲಾಗಿ ಮಸುಕು ಗಾಜಿನ ಪುಟ್ಟ ಕಿಟಕಿಗಳು, ತಿರುಗಿಸಿದರೆ ತಿರುಗುವಂಥವು. ಹಿಂದಿನ ಕಾಲದ ದೊಡ್ಡ ಮನುಷ್ಯರಿಗೆ ಬಡಿಸುವವನು ತಮ್ಮ ಮುಖ ನೋಡುವುದು ಇಷ್ಟವಿರಲಿಲ್ಲವಂತೆ. ಗಾಜು ತಿರುಗಿಸಿ, ಕೆಳಗಿನಿಂದ ಗ್ಲಾಸು ತೆಗೆದುಕೊಳ್ಳುತ್ತಿದ್ದರಂತೆ.

ನಮ್ಮ ಎಲೆಕ್ಟ್ರಿಷಿಯನ್ ಬಂಟ್ವಾಳ ಕಡೆಯ ಬ್ಯಾರಿ, ಕುಡಿತದ ವಾಸನೆಯೂ ಆಗದ ಮನುಷ್ಯ. ಇದನ್ನು ಕೇಳಿ ಏಣಿಯ ಮೇಲೆಯೇ ನಗತೊಡಗಿದ. "ಇದು ನಮ್ಮೂರ ಸಾರಾಯಿ ಗಡಂಗಿನ ಗೋಣಿಪರದೆ ಅಲ್ವಾ! ಇವರದ್ದು ಗಾಜಿನದು, ಅಷ್ಟೇ."

"ನೀನು ಗಡಂಗಿನ ಪರದೆ ಯಾವಾಗ ನೋಡಿದ್ದು?" ಅಂದೆ.

"ನನ್ನ ಅಂಗಡಿ ಅದರ ಎದುರಿಗೇ ಇತ್ತು ಮಾರಾಯ್ರೆ. ಪರದೆಯ ಹಿಂದೆ ಒಬ್ಬರದ್ದೂ ಮುಖ ಕಾಣ್ತಿರಲಿಲ್ಲ. ಆದ್ರೆ ಕೆಳಗೆ ಚಪ್ಪಲಿ ಕಾಣ್ತಿತ್ತು. ಇಡೀ ಊರಿನ ಹಾಜರಿ ನನಗೆ ಗೊತ್ತಿತ್ತು."

೪. ಸುಲೈಮಾನಿ ಸೀಲಿಂಗ್

ಪಬ್ಬಿನ ಸೀಲಿಂಗು ನಾನೂರು ವರ್ಷದ ಹೊಗೆ ಕುಡಿದಂತೆ ಕಂದಾಗಬೇಕಿತ್ತು. ಪೇಂಟರುಗಳು ಮೂರು ಬಣ್ಣ ಹೊಡೆದರು, ಮೂರೂ ದೊರೆಗೆ ಹಿಡಿಸಲಿಲ್ಲ. ಕೊನೆಗೆ ಆಚಾರ್ರು, "ಚಾ ಕಾಯಿಸಿ" ಅಂದರು. ಕ್ಯಾಂಪಿನ ಮೆಸ್ಸಿನ ದೊಡ್ಡ ಪಾತ್ರೆಯಲ್ಲಿ ಹಾಲಿಲ್ಲದ ಸುಲೈಮಾನಿ ಕುದಿಯಿತು. ಸೀಲಿಂಗಿಗೆ ಮತ್ತೆ ಬಿಳಿ ಹೊಡೆಸಿ, ಅದರ ಮೇಲೆ ಮೂರು ಸಲ ಚಾ ಬಳಿದೆವು. ದೊರೆ ಮೊದಲ ಬಾರಿಗೆ ನಕ್ಕ.

ಶುಕ್ರವಾರ ನಮಗೆ ರಜೆ. ಶನಿವಾರ ಬೆಳಿಗ್ಗೆ ಬಂದು ನೋಡಿದರೆ ಸೀಲಿಂಗು ಬೆಳ್ಳಗೆ ಹೊಳೆಯುತ್ತಿದೆ. ಹೋಟೆಲಿನ ಇಬ್ಬರು ಕ್ಲೀನರುಗಳು ರಜೆ ದಿನವಿಡೀ ಸೋಪು ಹಾಕಿ ಉಜ್ಜಿದ್ದರು. "ಸಾಬ್, ಬಹುತ್ ಗಂದಾ ಥಾ" ಎಂದು ಹೆಮ್ಮೆಯಿಂದ ನಿಂತಿದ್ದರು. ಮತ್ತೆ ಚಾ ಕಾಯಿಸಿದೆವು. ಜೊತೆಗೆ ನಾಲ್ಕು ಭಾಷೆಗಳಲ್ಲಿ ಒಂದು ಬೋರ್ಡನ್ನೂ ಹಾಕಿದೆವು: "ಇಲ್ಲಿನ ಕೊಳೆ ಒರೆಸಬಾರದು."

೫. ಡೊಂಕು ತೊಲೆ

ಉದ್ಘಾಟನೆಗೆ ಒಂದು ವಾರ ಉಳಿಯಿತು. ತೊಲೆ ಮಾತ್ರ ಆಗಿರಲಿಲ್ಲ. ಆಚಾರ್ರು ಮೂರು ಮರ ತೆಗೆದುಕೊಂಡರು. ಡೊಂಕು ಮಾಡಲು ಕೂತರೆ ಸಂಜೆಯೊಳಗೆ ಅದು ನೇರವಾಗಿ ಬಿಡುತ್ತಿತ್ತು. "ಕೈ ಕೇಳುವುದಿಲ್ಲ. ಅಪ್ಪ ಹೊಡೆದು ಹೊಡೆದು ನೇರ ಮಾಡಿದ ಕೈ" ಎಂದು ಕಣ್ಣು ತುಂಬಿಕೊಂಡರು. ರೂಮಿನಲ್ಲಿ ರಟ್ಟಿನ ಪೆಟ್ಟಿಗೆಗೆ ಹಗ್ಗ ಕಟ್ಟಲು ಶುರು ಮಾಡಿದ್ದರು.

ಆಗ ನನಗೊಂದು ಬುದ್ಧಿ ಹೊಳೆಯಿತು. "ಆಚಾರ್ರೆ, ಮಗುವಿನ ಕೆನ್ನೆಗೆ ಕಪ್ಪು ಬೊಟ್ಟು ಯಾಕೆ ಇಡ್ತೇವೆ?"

"ದೃಷ್ಟಿ ತಾಗಬಾರದು ಅಂತ."

"ಈ ಪಬ್ಬು ಇಷ್ಟು ಚೆಂದ ಆಗಿದೆ. ಬಾಗಿಲಲ್ಲೇ ಒಂದು ಡೊಂಕು ಬೇಡವಾ?"

ಅವರು ನನ್ನನ್ನೇ ದಿಟ್ಟಿಸಿದರು. "ಅದನ್ನು ಮೊದಲೇ ಹೇಳ್ಬಾರ್ದಾ! ಮೂರು ಮರ ಹಾಳು ಮಾಡಿಸಿದ್ರಿ."

ಎರಡೇ ದಿನ. ಬಾಚಿಯ ಕಚ್ಚು, ಗಂಟು, ಗೂನು, ಎಲ್ಲ ಸೇರಿದ ತೊಲೆ ಬಾಗಿಲ ಮೇಲೆ ಕೂತಿತು. ದೊರೆ ಅದನ್ನು ಸವರಿ, "ನಮ್ಮೂರಿನದೇ" ಎಂದು ಆಚಾರ್ರನ್ನು ತಬ್ಬಿಕೊಂಡ. ಒಡೆಯರು "ಯಲ್ಲಾ, ಇವನು ಇಲ್ಲೇ ಇರಲಿ" ಅಂದರು. ನಾನೇ ಹೋಗಿ ಪೆಟ್ಟಿಗೆಯ ಹಗ್ಗ ಬಿಚ್ಚಿದೆ.

ಆದರೆ ಆಚಾರ್ರು ಯಾವುದನ್ನೂ ಅರ್ಧಕ್ಕೆ ಬಿಡುವವರಲ್ಲ. ಉದ್ಘಾಟನೆಯ ದಿನ ನೋಡುತ್ತೇನೆ, ತೊಲೆಯಿಂದ ದಾರವೊಂದು ಇಳಿಬಿದ್ದಿದೆ. ಅದರಲ್ಲಿ ಮತ್ರಾ ಸೂಕಿನ ಸಂತೆಯಿಂದ ತಂದ ಒಂದು ಕಪ್ಪು ಒಣನಿಂಬೆ, ಏಳು ಒಣಮೆಣಸು. ತೆಗೆಯೋಣವೆಂದರೆ ಅತಿಥಿಗಳು ಬಂದೇಬಿಟ್ಟರು. ಒಬ್ಬರು ಇಂಗ್ಲಿಷ್ ಮುದುಕರು ಸರಿಯಾಗಿ ಅದರ ಕೆಳಗೇ ನಿಂತು ಕತ್ತೆತ್ತಿದರು.

"ಆಹಾ! ನಮ್ಮೂರ ಪಬ್ಬಿನ ತೊಲೆಗೆ ಬಿಯರಿಗೆ ಹಾಕುವ ಒಣಹೂವಿನ ಗೊಂಚಲು ಕಟ್ಟುತ್ತಿದ್ದರು. ಇಲ್ಲಿ ಒಮಾನಿನ ನಿಂಬೆ! ಯಾರ ಐಡಿಯಾ ಇದು?"

ದೊರೆ ಒಂದು ಕ್ಷಣ ನನ್ನನ್ನು ನೋಡಿದ. "ನನ್ನದೇ" ಅಂದ.

ಆರು ತಿಂಗಳಲ್ಲಿ ದೊರೆಯ ಎರಡನೇ ಪಬ್ಬಿನ ನಕ್ಷೆ ಬಂತು. ಮೇಸ್ತ್ರಿ ಆಚಾರ್ರೇ ಆಗಬೇಕೆಂದು ಮೇಲೆ ಬರೆದಿತ್ತು. ಬಾಗಿಲ ಮೇಲೆ ಡೊಂಕು ತೊಲೆ. ಅದರ ಕೆಳಗೆ, ಅಳತೆ ಸಮೇತ, ನಿಂಬೆ ಮತ್ತು ಮೆಣಸು. ಪಕ್ಕದಲ್ಲಿ, "ಸಾಂಪ್ರದಾಯಿಕ ಇಂಗ್ಲಿಷ್ ಶೈಲಿ."

ಆಚಾರ್ರು ಕನ್ನಡಕ ಏರಿಸಿ ನಕ್ಷೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಬೆರಳಿಟ್ಟು ತೋರಿಸಿದರು.

"ಎಂಟು ಮೆಣಸು ಬರೆದಿದ್ದಾನೆ. ತೊಲೆ ಎಷ್ಟು ಬೇಕಾದ್ರೂ ಡೊಂಕು ಇರ್ಲಿ ಮಾರಾಯ್ರೆ, ಮೆಣಸು ಏಳೇ ಇರ್ಬೇಕು. ಇಂಗ್ಲಿಷಿನವನಾಗಿ ಅವನಿಗೆ ಅವನ ಶಾಸ್ತ್ರವೇ ಗೊತ್ತಿಲ್ವಾ?"