ಸ್ಪಿನ್ ತರಂಗಕ್ಕೆ ನನ್ನ ಕೊಡುಗೆ

ವಿಜ್ಞಾನ ನನ್ನನ್ನು ಶಾಲೆಯಲ್ಲೇ ಬಿಟ್ಟಿತು, ನಾನು ಅದನ್ನು ಬಿಟ್ಟಿಲ್ಲ. ಗೋರೆಗಾಂವ್ ಸ್ಟೇಷನ್ ಹತ್ತಿರ ಹೋಟೆಲ್ ಇಟ್ಟುಕೊಂಡವನಿಗೆ ಸಂಶೋಧನೆ ಎಲ್ಲಿಂದ ಬಂತು ಅನ್ನಬೇಡಿ. ಅಕ್ಕನ ಮಗಳು ನಮ್ಮ ಮನೆಯಲ್ಲಿದ್ದುಕೊಂಡೇ ಪಿಎಚ್‌ಡಿ ಮಾಡುತ್ತಿದ್ದಳು. ಅವಳಿಗೆ ನನ್ನಿಂದ ಆದ ಸಹಾಯ ಅಷ್ಟಿಷ್ಟಲ್ಲ.

೧. ದೋಸೆಯ ತರಂಗ

"ನೀನು ಮಾಡೋದಾದರೂ ಏನು ಮಾರಾಯ್ತಿ?" ಎಂದೆ.

"ಮಾಮಾ, ಒಂದು ಹರಳಿದೆ. ಮ್ಯಾಗ್ನೆಟ್ಟೇ, ಲೇಕಿನ್ ಅದರಲ್ಲಿ ಕರೆಂಟ್ ಹರಿಯಲ್ಲ. ಒಳಗಿನ ಪುಟ್ಟ ಪುಟ್ಟ ಮ್ಯಾಗ್ನೆಟ್‌ಗಳು ನಿಂತಲ್ಲೇ ಓಲಾಡಿ, ಆ ಓಲಾಟಾನ ಪಕ್ಕದ್ದಕ್ಕೆ ದಾಟಿಸ್ತವೆ. ಅದೇ ಸ್ಪಿನ್ ತರಂಗ. ಸುದ್ದಿ ಮುಟ್ಟುತ್ತೆ, ಯಾರೂ ಓಡಲ್ಲ. ಬಿಸಿ ಕಡಿಮೆ, ಕರೆಂಟ್ ಉಳಿಯುತ್ತೆ."

ಮರುದಿನವೇ ಜಾರಿಗೆ ತಂದೆ. ವೇಟರ್‌ಗಳನ್ನು ಅಡುಗೆಮನೆಯಿಂದ ಕೊನೆಯ ಟೇಬಲ್‌ವರೆಗೆ ಸಾಲಾಗಿ ನಿಲ್ಲಿಸಿ, "ಯಾರೂ ಓಡಬೇಡಿ, ಪ್ಲೇಟು ಮಾತ್ರ ಹೋಗಲಿ" ಎಂದೆ. ಹೋಯಿತು. ಒಬ್ಬೊಬ್ಬನೂ ದೋಸೆಯ ಒಂದೊಂದು ತುದಿ ಮುರಿದು ಬಾಯಿಗೆ ಹಾಕಿಕೊಂಡ. ಗಿರಾಕಿಗೆ ಮುಟ್ಟಿದ್ದು ಚಟ್ನಿ.

ಸೋದರಸೊಸೆ ಗಂಭೀರವಾಗಿ ಹೇಳಿದಳು: "ಹೀಗೆ ದಾರಿಯಲ್ಲೇ ಕರಗಿಹೋಗೋದಕ್ಕೆ ಡ್ಯಾಂಪಿಂಗ್ ಅಂತಾರೆ ಮಾಮಾ. ನಮ್ಮ ಹರಳು ಇಷ್ಟು ತಿನ್ನಲ್ಲ."

೨. ಕಾಕುವಿನ ಆಕ್ಷೇಪ

"ಇನ್ನು ಮುಂದೆ ಮೊಬೈಲು, ಟಿವಿಯ ಸೆಟ್‌ಟಾಪ್ ಡಬ್ಬಿ ಯಾವುದೂ ಬಿಸಿಯಾಗೋದಿಲ್ಲ, ನಮ್ಮ ಮನೆಯಲ್ಲೇ ತಯಾರಿ ನಡೀತಿದೆ" ಎಂದು ಬಿಲ್ಡಿಂಗ್‌ಗೆಲ್ಲ ಸಾರಿದೆ. ಸಂಜೆಗೆ ಪಕ್ಕದ ಮನೆಯ ಮರಾಠಿ ಚಿಕ್ಕಮ್ಮ, ನಮ್ಮೆಲ್ಲರ ಕಾಕು, ಪಾತ್ರೆ ಹಿಡಿದು ಬಾಗಿಲಲ್ಲಿ.

"ಡಬ್ಬಿ ತಣ್ಣಗಿದ್ದರೆ, ಮಳೆಗಾಲದಲ್ಲಿ ನನ್ನ ಮೊಸರು ಯಾವುದರ ಮೇಲೆ ಹೆಪ್ಪಾಗಬೇಕು?"

ಸೊಸೆ ಪಾತ್ರೆಯೊಳಗೆ ಇಣುಕಿದಳು. "ಕಾಕು, ಈ ಪ್ರಶ್ನೆ ಪರೀಕ್ಷಕರು ಕೇಳದಿದ್ದರೆ ಸಾಕು."

೩. ಜಾರುವ ಶಿಖರ

ಕೊನೆಗೆ ಪರೀಕ್ಷೆಯ ದಿನ ಬಂತು. ಅವಳ ಲ್ಯಾಬಿನಲ್ಲಿ, ಹರಳನ್ನು ಅಳೆಯುವ ಯಂತ್ರದ ಪರದೆಯ ಮೇಲಿನ ಗೆರೆ ಒಂದು ಜಾಗದಲ್ಲಿ ಚೂಪಾದ ಶಿಖರವಾಗಿ ನಿಲ್ಲಬೇಕು. ನಿಲ್ಲದಿದ್ದರೆ ಪಿಎಚ್‌ಡಿ ಇನ್ನೊಂದು ವರ್ಷ. ಬೆಂಗಳೂರಿನಿಂದ ಹಿರಿಯ ಪರೀಕ್ಷಕರು ಬಂದು ಯಂತ್ರದ ಪಕ್ಕದಲ್ಲೇ ಕೂತರು. ಎಲ್ಲರಿಗೂ ಕೇಸರಿಬಾತು ಹೊತ್ತು ನಾನೂ ಹೋದೆ.

ಶಿಖರ ಸರಿಯಾಗಿ ನಿಲ್ಲಲಿಲ್ಲ. ನಾನು ನೋಡಲು ಬಗ್ಗಿದರೆ ಆಚೆ ಜಾರುತ್ತದೆ, ಹಿಂದೆ ಸರಿದರೆ ಈಚೆ ಬರುತ್ತದೆ. ಸೊಸೆ ತಂತಿಗಳನ್ನು ಒಂದೊಂದಾಗಿ ಒತ್ತಿ ನೋಡಿದಳು. ಅವಳ ಗೈಡ್ ಮೇಡಂ ನನ್ನನ್ನೇ ದಿಟ್ಟಿಸಿ, "ಅಂಕಲ್, ಮೈಮೇಲೆ ಏನಿದೆ?" ಎಂದರು.

"ಏನಿಲ್ಲ ಮೇಡಂ. ಸೊಂಟನೋವಿಗೆ ಒಂದು ಬೆಲ್ಟು. ಹನ್ನೆರಡು ಅಯಸ್ಕಾಂತದ್ದು."

ಬೆಲ್ಟು ಬಿಚ್ಚಿಸಿ ಅದನ್ನು ಮಾತ್ರ ಕಾರಿಡಾರಿಗೆ ಕಳಿಸಿದರು. ಶಿಖರ ಮುಕ್ಕಾಲು ಪಾಲು ಹಿಂದಕ್ಕೆ ಬಂತು, ಪೂರ್ತಿ ಬರಲಿಲ್ಲ. ಸೊಸೆ ತಂತಿಗಳನ್ನೆಲ್ಲ ಮತ್ತೆ ನೋಡಿದಳು. ಮೇಡಂ ನನ್ನ ಜೇಬು ತಡಕಿಸಿದರು.

ಆಗ ಪರೀಕ್ಷಕರು ಮೆಲ್ಲಗೆ ಎದ್ದು ಗೋಡೆಯ ಕಡೆ ತಿರುಗಿ, ಶರ್ಟಿನೊಳಗೆ ಕೈಹಾಕಿ ಚರ್‍ರ್ ಎಂದು ಏನನ್ನೋ ಬಿಚ್ಚಿದರು. ಶಿಖರ ನೇರ ಬಂದು ತನ್ನ ಜಾಗದಲ್ಲಿ ಕೂತಿತು. ಅವರು ಅದನ್ನು ಮಡಚುತ್ತಾ, "ಸಿದ್ಧಾಂತ, ಪ್ರಯೋಗ ಎರಡೂ ಸರಿಯಾಗಿವೆಯಮ್ಮ. ಪಾಸು" ಎಂದರು.

ಊಟದ ಹೊತ್ತಿಗೆ ನನ್ನ ಪಕ್ಕ ಬಂದು ಕೂತು ಪಿಸುಗುಟ್ಟಿದರು: "ನಿಮ್ಮ ಬೆಲ್ಟು ಎಲ್ಲಿ ತಗೊಂಡ್ರಿ? ನೋಡಿದ್ರಲ್ಲ, ನನ್ನದು ಶಿಖರಾನ ಅಷ್ಟು ಸರಿಸಲೇ ಇಲ್ಲ."