ಕಾಳುಮೆಣಸಿನ ಎಣ್ಣೆ ಮತ್ತು ನನ್ನ ನೆತ್ತಿ

ತಲೆತುಂಬ ಕೂದಲಿರುವವರೆಗೆ ಮನುಷ್ಯ ಭಾರಿ ವಿಚಾರವಾದಿ. ಉದುರತೊಡಗಿತೋ, ಯಾರು ಏನು ಹೇಳಿದರೂ ನಂಬುತ್ತಾನೆ. ಬೆಂಗಳೂರು ಬಿಟ್ಟು ಘಣಸೋಲಿಗೆ ಬಂದ ಮೇಲೆ ನನ್ನ ನೆತ್ತಿ ಬಯಲಾಗತೊಡಗಿದಾಗ, ಈರುಳ್ಳಿ ರಸ ಹಚ್ಚಿಕೊಂಡೇ ಲೋಕಲ್ ರೈಲು ಹತ್ತಿದ ಮಹಾನುಭಾವ ನಾನು. ಅವತ್ತು ಕೂರಲು ಸೀಟು ಸಿಕ್ಕಿತು, ಅಕ್ಕಪಕ್ಕದ ಸೀಟುಗಳೂ ಖಾಲಿಯಾದವು. ಕೂದಲು ಮಾತ್ರ ಬರಲಿಲ್ಲ.

ಆ ವರ್ಷ ದೀಪಾವಳಿಗೆ ಉಡುಪಿಯಿಂದ ನನ್ನ ಅತ್ತೆ ಬಂದಿದ್ದರು. ನೀರು ತುಂಬುವ ಹಬ್ಬದ ಸಂಜೆ ಬಕೆಟ್ಟು, ಕೊಡ, ಕಡೆಗೆ ಕುಕ್ಕರನ್ನೂ ಬಿಡದೆ ನೀರು ತುಂಬಿಸಿ, ಒಂದೊಂದರ ಮೇಲೂ ಚೆಂಡುಹೂ ಇಟ್ಟರು. "ಇಪ್ಪತ್ನಾಲ್ಕು ಗಂಟೆ ನೀರು ಬರೋ ಸೊಸೈಟೀಲಿ ಇದೆಲ್ಲ ಯಾಕತ್ತೆ?" ಎಂದು ನಕ್ಕೆ. ಅವರು ತೆಂಗಿನೆಣ್ಣೆಗೆ ನಾಲ್ಕು ಕಾಳುಮೆಣಸು ಹಾಕಿ ಬಿಸಿ ಮಾಡುತ್ತ, "ನಾಳೆ ಎಣ್ಣೆಸ್ನಾನಕ್ಕೆ ಇದು. ಮಂಡೆಗೆ ಥಂಡಿ ಹಿಡಿಯುದಿಲ್ಲ, ಕೂದಲಿಗೂ ಒಳ್ಳೇದು" ಅಂದರು. ನನ್ನ ಕಿವಿಗೆ ಬಿದ್ದದ್ದು ಕೊನೆಯ ಮಾತು ಮಾತ್ರ. ನಾಲ್ಕು ಕಾಳಿಗೇ ಒಳ್ಳೆಯದಾದರೆ ಒಂದು ಹಿಡಿಗೆ? ಬೆಳಿಗ್ಗೆ ಎಲ್ಲರಿಗಿಂತ ಮೊದಲೆದ್ದು ಮೆಣಸು ಕುಟ್ಟಿ, ಎಣ್ಣೆಯಲ್ಲಿ ಕಲಸಿ ನೆತ್ತಿಗೆ ಗಸಗಸ ತಿಕ್ಕಿಕೊಂಡೆ.

ಮೊದಲು ಹಿತವಾದ ಬಿಸಿ. ಬೇರುಗಳು ನಿದ್ದೆಯಿಂದ ಏಳುತ್ತಿವೆ ಎಂದು ಹಿಗ್ಗಿದೆ. ಆಮೇಲೆ ಉರಿ ಶುರುವಾಯಿತು ನೋಡಿ! ಬೆವರಿನ ಜೊತೆ ಹಣೆಯಿಂದಿಳಿದು ಕಣ್ಣಿಗೂ ಬಂತು. ತಡಕಾಡುತ್ತ ಬಾತ್‌ರೂಮಿಗೆ ಓಡಿ ನಲ್ಲಿ ತಿರುಗಿಸಿದರೆ, ಸುಯ್ಯೆಂದು ಗಾಳಿ ಬಿಟ್ಟು ಸುಮ್ಮನಾಯಿತು. ಹಬ್ಬದ ದಿನವೇ ಸೊಸೈಟಿಯ ಪಂಪು ಕೆಟ್ಟಿತ್ತು. ಕೂದಲಿನ ಆಸೆಗೆ ಕಣ್ಣನ್ನೇ ಕಳೆದುಕೊಂಡೆನಲ್ಲ ಎಂದು ನಿಜವಾಗಿಯೂ ಹೆದರಿ ಕೂಗಿದೆ. ಅತ್ತೆ ಓಡಿಬಂದರು. "ಎಂತ ಮಾಡಿಕೊಂಡ್ರಿ ಮಾರಾಯ್ರೆ! ಕಣ್ಣು ತಿಕ್ಕಬೇಡಿ!" ಎನ್ನುತ್ತ ಮೊದಲು ಕಣ್ಣಿಗೆ ನೀರು ಹೊಯ್ದರು. ಆಮೇಲೆ ತಲೆಗೆ ಕಡಲೆಹಿಟ್ಟು ಹಾಕಿ ತಿಕ್ಕಿ, ಬಕೆಟ್ ಮೇಲೆ ಬಕೆಟ್ ಸುರಿದರು. ಚೆಂಡುಹೂಗಳೂ ತಲೆಯ ಮೇಲೆ ಬಿದ್ದವು.

ನಿಧಾನವಾಗಿ ಉರಿ ಇಳಿಯಿತು. ಕಣ್ಣು ಬಿಟ್ಟೆ. ಅತ್ತೆಯ ಗಾಬರಿಯ ಮುಖ ಚೆನ್ನಾಗಿಯೇ ಕಂಡಿತು. ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಕುಕ್ಕರಿನ ನೀರೂ ಮುಗಿದಿತ್ತು. ಮಿಕ್ಕವರ ಎಣ್ಣೆಸ್ನಾನ ಪಂಪು ರಿಪೇರಿಯಾಗುವ ತನಕ ನಿಂತಿತು. ಹೆಂಡತಿ ಬಾಯಿ ತೆರೆಯುವ ಮೊದಲೇ ಅತ್ತೆ, "ಕಣ್ಣು ಉಳೀತಲ್ಲ, ಅಷ್ಟು ಸಾಕು. ಬೈಯಬೇಡ" ಅಂದರು. ಆ ತಾಯಿಯ ಕಾಲು ಅಲ್ಲೇ ಹಿಡಿಯೋಣ ಅನ್ನಿಸಿತು.

ಟವೆಲ್ಲಿನಲ್ಲಿ ತಲೆ ಒರೆಸಿ ಹೊರಬಂದಾಗ ಎದುರಿಗೆ ಮಗಳು ನಿಂತಿದ್ದಳು. ಇಲ್ಲೇ ಹುಟ್ಟಿದವಳು, ಖುಷಿಯಾದರೆ ಅವಳಿಗೆ ಹಿಂದಿಯೇ ಬರುವುದು. "ವಾಹ್ ಪಪ್ಪಾ, ಕ್ಯಾ ಚಮಕ್ ರಹಾ ಹೈ!" ಎಂದು ಚಪ್ಪಾಳೆ ತಟ್ಟಿದಳು. ಹೊಳೆಯುತ್ತಿರುವುದು ಕೂದಲೋ ನೆತ್ತಿಯೋ ಎಂದು ಕೇಳದಿರುವಷ್ಟು ಬುದ್ಧಿ ಆ ಹೊತ್ತಿಗೆ ನನಗೆ ಬಂದಿತ್ತು.